ಕಟಿಂಗ್ ಟೇಬಲ್ ಮೇಲಿನ ಕಂಪ್ಯೂಟರ್

ಸ್ವಿಚ್ಚು ಒತ್ತುವ ಮುಂಚೆ ಟೈಲರಮ್ಮ ಒಳಗೆ ಹೋಗಿ ಕೈ ತೊಳೆದುಕೊಂಡು ಬಂದರು. ಯಾಕೆ ಅಂತ ಕೇಳಿದರೆ ಅವರಿಗೂ ಗೊತ್ತಿಲ್ಲ. ಹೊಸ ಬಟ್ಟೆಗೆ ಮೊದಲ ಕತ್ತರಿ ಹಾಕುವಾಗ ಕೈ ತೊಳೆಯುವ ಅಭ್ಯಾಸ, ಇದೂ ಹೊಸದೇ ತಾನೇ ಅಂದುಕೊಂಡಿರಬೇಕು. ಕಟಿಂಗ್ ಟೇಬಲ್ಲಿನ ಮೇಲೆ ಕಪ್ಪು ಪೆಟ್ಟಿಗೆ ಕೂತಿತ್ತು. ಪಕ್ಕದಲ್ಲಿ ಸೊಸೆ ನಿಂತಿದ್ದಳು, ಕುಣಿಯುವುದೊಂದೇ ಬಾಕಿ.

"ನೀವೇ ಒತ್ತಿ ಅತ್ತೆ. ನಿಮ್ಮ ಕೈಯಿಂದಲೇ ಆಗ್ಲಿ."

"ನಾನ್ಯಾಕೆ? ಜೋಡಿಸಿದವಳು ನೀನು."

"ಒತ್ತೀ ಅತ್ತೆ, ಸುಮ್ನೆ ಮಾತು ಬೆಳೆಸ್ಬೇಡಿ!"

ಟೈಲರಮ್ಮ ಉಸಿರು ಬಿಗಿಹಿಡಿದು ಒತ್ತಿದರು. ಪೆಟ್ಟಿಗೆಯೊಳಗೆ ಫ್ಯಾನು ಒಮ್ಮೆ ಬಿಕ್ಕಿತು, ಪುಟ್ಟ ದೀಪವೊಂದು ಮಿಣಕ್ಕೆಂದಿತು, ಅಷ್ಟೇ. ಮತ್ತೊಮ್ಮೆ ಒತ್ತಿದರು. ಮತ್ತೆ ಅದೇ ಬಿಕ್ಕು, ಅದೇ ಮಿಣಕು, ಆಮೇಲೆ ಸದ್ದಿಲ್ಲ. ಗೋಡೆಗೆ ಬಿಗಿದಿದ್ದ ಕಿಟಕಿಯಗಲದ ಮಾನಿಟರ್ ಕಣ್ಣೇ ಬಿಡಲಿಲ್ಲ.

ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು ಕೂತಿದ್ದ ಯಜಮಾನರು, ಅಂದರೆ ಟೈಲರಮ್ಮನ ಗಂಡ, ಗಂಟಲು ಸರಿಮಾಡಿಕೊಂಡರು. ಬಸ್ ಡ್ರೈವರಾಗಿ ರಿಟೈರಾದವರು. "ಸ್ಟಾರ್ಟಿಂಗ್ ಟ್ರಬಲ್ಲು. ನಾವಾಗಿದ್ರೆ ಪ್ಯಾಸೆಂಜರ್‌ಗಳನ್ನ ಇಳಿಸಿ ತಳ್ಳಿಸ್ತಿದ್ವಿ. ತಳ್ಳೋಣ್ವಾ?"

"ರೀ, ನೀವು ಸ್ವಲ್ಪ ಬಾಯಿ ಮುಚ್ಕೊಂಡಿರಿ," ಎಂದರು ಟೈಲರಮ್ಮ. ಸೊಸೆಯ ಮುಖ ಬಾಡಿದ್ದನ್ನು ಅವರು ನೋಡಿದ್ದರು.

ವಿಷಯ ಏನೆಂದು ಹೇಳಿಬಿಡಬೇಕು, ಇಲ್ಲದಿದ್ದರೆ ಒಂದು ಡಬ್ಬ ಸ್ಟಾರ್ಟ್ ಆಗದ್ದಕ್ಕೆ ಇಷ್ಟೆಲ್ಲ ರಂಪ ಯಾಕೆ ಅನ್ನಿಸೀತು. ಟೈಲರಮ್ಮ ಹೊಲಿದ ಬಟ್ಟೆ ಇಲ್ಲದ ಮನೆ ಆ ಬೀದಿಯಲ್ಲಿ ಇಲ್ಲ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ, ಆ ಕೋಣೆಯ ಮುಕ್ಕಾಲು ಪಾಲು ಕಟಿಂಗ್ ಟೇಬಲ್ಲು. ಎರಡು ಹಾಸಿಗೆ ಹಾಸುವಷ್ಟು ದೊಡ್ಡದು, ಅಂಚುಗಳೆಲ್ಲ ಅವರ ಸೊಂಟ ತಾಗಿ ತಾಗಿ ನುಣ್ಣಗಾಗಿವೆ. ಅಂಗಡಿಗೊಂದು ಪದ್ಧತಿ ಇತ್ತು. ಷರ್ಟಾಗಲಿ ಕೋಟಾಗಲಿ, ಒಳಗಡೆ ಹೊಲಿಗೆಯ ಮಡಿಕೆಯಲ್ಲಿ ಒಂದು ಸ್ಪೇರ್ ಗುಂಡಿ ಹಾಕಿಯೇ ಕೊಡುವುದು. ಗುಂಡಿ ಕಿತ್ತುಹೋದರೆ ಅದೇ ಬಣ್ಣದ್ದನ್ನು ಹುಡುಕುತ್ತಾ ಯಾರೂ ಊರೆಲ್ಲ ಅಲೆಯಬಾರದು. ಕೇಳಿದವರಿಗೂ ಹಾಕುತ್ತಿದ್ದರು, ಕೇಳದವರಿಗೂ ಹಾಕುತ್ತಿದ್ದರು. ಹಾಕದಿದ್ದರೆ ಅವರಿಗೆ ಬಟ್ಟೆ ಮುಗಿದ ಹಾಗೆಯೇ ಅನ್ನಿಸುತ್ತಿರಲಿಲ್ಲ.

ಈಚೆಗೆ ಕಣ್ಣು ಕೈಕೊಟ್ಟಿತು. ರಸ್ತೆಯಾಚೆ ನಡೆದುಹೋಗುವವರ ಕೋಟು ಯಾವ ಭುಜಕ್ಕೆ ಎಳೆಯುತ್ತಿದೆ ಅಂತ ಕೂತಲ್ಲಿಂದಲೇ ಹೇಳುತ್ತಿದ್ದರು, ಕೈಯಲ್ಲೇ ಇದ್ದ ಸೂಜಿಯ ಕಣ್ಣು ಮಾತ್ರ ಬರೀ ಮಂಜು. ಡಾಕ್ಟರು ಕನ್ನಡಕ ಬದಲಾಯಿಸಿ ನೋಡಿದರು, ಆಮೇಲೆ "ಕನ್ನಡಕದಿಂದ ಆಗೋದು ಇಷ್ಟೇ ಅಮ್ಮಾ. ಸಣ್ಣದನ್ನ ದೊಡ್ಡದು ಮಾಡ್ಕೊಂಡು ನೋಡ್ಬೇಕು, ಬೇರೆ ದಾರಿ ಇಲ್ಲ" ಎಂದುಬಿಟ್ಟರು. ಅದೇ ಡಾಕ್ಟರ ಬಿಳಿ ಕೋಟಿಗೆ ಟೈಲರಮ್ಮ ಜೇಬನ್ನು ಒಳಮುಖವಾಗಿ ಕೂರಿಸಿ ಹೊಲಿದಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ, ಆ ಪುಣ್ಯಾತ್ಮರು "ಪರವಾಗಿಲ್ಲ ಬಿಡಿ" ಅಂತ ನಕ್ಕು ಹಾಗೇ ತೊಟ್ಟುಕೊಂಡು ಹೋದರು. ಆ ಪರವಾಗಿಲ್ಲ ಅನ್ನುವ ಮಾತು ಟೈಲರಮ್ಮನ ಎದೆಗೆ ಚುಚ್ಚಿತು. ಅವತ್ತೇ ಕರ್ಟನ್ ಅಂಗಡಿಯವರಿಗೆ ಫೋನ್ ಮಾಡಿ, ಟೇಬಲ್ ಬೇಕು ಬೇಕು ಅಂತಿದ್ರಲ್ಲ, ಬಂದು ತಗೊಂಡು ಹೋಗಿ ಎಂದರು. ಟೇಬಲ್ ಹೋದರೆ ಅಂಗಡಿಯೂ ಹೋದಂತೆಯೇ, ಅದು ಮನೆಯವರಿಗೆಲ್ಲ ಗೊತ್ತಿತ್ತು.

ಸೊಸೆ ಮಾತ್ರ ಪಟ್ಟು ಹಿಡಿದಳು. ಅವಳು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಸೈನ್ ಕೆಲಸ ಮಾಡುವವಳು, ಕಂಪ್ಯೂಟರ್ ಅಂದರೆ ಜೀವ. ಅವಳ ಲೆಕ್ಕದಲ್ಲಿ ಹೊಲಿಗೆ ಮೆಷಿನ್ನಿನ ಸೂಜಿಯ ಮೇಲೊಂದು ಕ್ಯಾಮೆರಾ, ಅದು ಕಂಡದ್ದೆಲ್ಲ ಗೋಡೆಯ ಮಾನಿಟರಿನಲ್ಲಿ ಕಿಟಕಿಯಷ್ಟು ದೊಡ್ಡದಾಗಿ. ಬಟ್ಟೆಯ ಅಳತೆಯ ಗೆರೆಗಳನ್ನೂ ಅದರಲ್ಲೇ ಎಳೆಯಬಹುದು. "ಭಾನುವಾರ ಸಂಜೆವರೆಗೂ ಟೈಮ್ ಕೊಡಿ ಅತ್ತೆ. ನೀವು ಹಾಕಿದ ಹೊಲಿಗೆ ನಿಮ್ಮ ಕಣ್ಣಿಗೇ ಕಂಡ್ರೆ ಟೇಬಲ್ ಇಲ್ಲೇ ಇರ್ಬೇಕು. ಕಾಣ್ದಿದ್ರೆ ನಾನೇ ಎತ್ತಿ ವ್ಯಾನಿಗೆ ಹಾಕ್ತೀನಿ." ಟೈಲರಮ್ಮ ಆಗಲಿ ಎಂದರು. ನಂಬಿಕೆಯಿಂದಲ್ಲ, ಸೊಸೆಯ ಬಾಯಿ ಮುಚ್ಚಿಸಲು. ಕರ್ಟನ್ ಅಂಗಡಿಯವರಿಗೂ ಇದನ್ನು ಹೇಳಿದರು. ಅವರು ನಕ್ಕು, "ಸರಿ, ಭಾನುವಾರ ಸಂಜೆ ವ್ಯಾನ್ ತಂದೇ ತರ್ತೀನಿ" ಎಂದರು.

"ಇಷ್ಟು ಕಷ್ಟ ಯಾಕಮ್ಮ, ಅಂಗಡೀಲಿ ರೆಡಿಮೇಡ್ ಸಿಗಲ್ವಾ?" ಅಂತ ಯಜಮಾನರು ಕೇಳಿದ್ದಕ್ಕೆ ಸೊಸೆ ಅತ್ತೆಯ ಮುಖ ನೋಡಿದ್ದಳು. ರೆಡಿಮೇಡ್ ಅನ್ನುವ ಮಾತನ್ನು ಆ ಮನೆಯಲ್ಲಿ ಎತ್ತುವ ಹಾಗೇ ಇರಲಿಲ್ಲ. ಟೈಲರಮ್ಮ ಗಂಡನನ್ನು ನೋಡಿದ ನೋಟಕ್ಕೆ ಯಜಮಾನರು ಪೇಪರ್ ತೆಗೆದು ಮುಖಕ್ಕೆ ಅಡ್ಡ ಹಿಡಿದುಕೊಂಡರು.

ಹಾಗೆ ಭಾನುವಾರ ಬೆಳಿಗ್ಗೆ ಬಿಡಿಭಾಗಗಳೆಲ್ಲ ಟೇಬಲ್ ಮೇಲೆ ಹರವಿಕೊಂಡವು. ಮಗ ಆಸ್ಪತ್ರೆಯಲ್ಲಿ ನರ್ಸು, ಭಾನುವಾರವೂ ಡ್ಯೂಟಿ, ಹಾಗಾಗಿ ಅತ್ತೆ ಸೊಸೆಯರೇ. ಟೈಲರಮ್ಮ ಸುಮ್ಮನೆ ನೋಡುತ್ತೇನೆ ಎಂದು ಬಂದು ಕೂತವರು ಸ್ವಲ್ಪ ಹೊತ್ತಿಗೇ ತೋಳು ಮಡಿಸಿದರು. ಪೆಟ್ಟಿಗೆಯೊಳಗಿನ ತಗಡಿಗೆ ಮೊದಲು ಪುಟ್ಟ ಪುಟ್ಟ ಹಿತ್ತಾಳೆ ಕಂಬಗಳನ್ನು ತಿರುಗಿಸಿ ಕೂರಿಸಬೇಕು, ಅವುಗಳ ಮೇಲೆ ಕಂಪ್ಯೂಟರಿನ ದೊಡ್ಡ ಹಸಿರು ಬೋರ್ಡು ತಗಡಿಗೆ ತಾಗದ ಹಾಗೆ ಕೂರುತ್ತದೆ. ಸೊಸೆ ಬೋರ್ಡಿನ ತೂತುಗಳನ್ನು ತೋರಿಸಿ, ಕಂಬಗಳ ಪುಟ್ಟ ಕವರ್ ಕೊಟ್ಟು, "ಇದು ನಿಮ್ಮ ಕೆಲಸ ಅತ್ತೆ, ಬೆರಳಲ್ಲೇ ಮಾಡ್ಬಹುದು" ಅಂತ ತಾನು ವೈರು ಬಿಡಿಸಲು ಹೋದಳು. ಟೈಲರಮ್ಮ ಕಣ್ಣು ಮುಚ್ಚಿಕೊಂಡೇ ಎಲ್ಲವನ್ನೂ ಕೂರಿಸಿದರು. ವೈರುಗಳನ್ನು ಕಪ್ಪು ದಾರದಿಂದ ಅಚ್ಚುಕಟ್ಟಾಗಿ ಕಟ್ಟಿಯೂ ಕೊಟ್ಟರು. ಎಷ್ಟೋ ದಿನಗಳ ಮೇಲೆ ಅವರ ಕೈ ತಡವರಿಸದೆ ಕೆಲಸ ಮಾಡಿತ್ತು. ಒಳಗೊಳಗೇ ಹಿಗ್ಗುತ್ತಿದ್ದರು, ತೋರಿಸಿಕೊಳ್ಳಲಿಲ್ಲ ಅಷ್ಟೇ.

ಈಗ ನೋಡಿದರೆ ಹೀಗೆ.

ಸೊಸೆ ಸೋಲುವ ಪೈಕಿ ಅಲ್ಲ. ಮೊದಲು ಗೋಡೆಯ ಪ್ಲಗ್ಗಿಗೆ ಟೇಬಲ್ ಲ್ಯಾಂಪ್ ಹಾಕಿ ನೋಡಿದಳು, ಉರಿಯಿತು. ಪೆಟ್ಟಿಗೆಯ ಹಿಂದಿನ ಸ್ವಿಚ್ಚು ನೋಡಿದಳು, ಆನ್ ಆಗಿಯೇ ಇತ್ತು. ಮೆಮೊರಿ ಪಟ್ಟಿಗಳನ್ನು ಕಿತ್ತು, ಊದಿ, ಟಕ್ ಅನ್ನುವವರೆಗೆ ಮತ್ತೆ ಒತ್ತಿ ಕೂರಿಸಿದಳು.

"ಒತ್ತಿ ಅತ್ತೆ!"

ಬಿಕ್ಕು. ಮಿಣಕು. ಮೌನ.

"ಡೀಸೆಲ್ ಇದ್ಯಾ ನೋಡಿ," ಎಂದರು ಬಾಗಿಲ ಬಳಿಯಿಂದ ಯಜಮಾನರು.

"ಮಾವ, ಪ್ಲೀಸ್!"

ಎದುರಿನ ಬಟನ್ನಿನಿಂದ ಬರುವ ಸಣ್ಣ ವೈರುಗಳನ್ನು ತೆಗೆದು ಹಾಕಿದಳು. ದಪ್ಪ ವೈರುಗಳನ್ನು ತೆಗೆದು ಹಾಕಿದಳು. ಒಂದೊಂದು ಸಲವೂ "ಈ ಸಲ ಗ್ಯಾರಂಟಿ ಅತ್ತೆ!" ಅನ್ನುವಳು, ಒಂದೊಂದು ಸಲವೂ ಟೈಲರಮ್ಮನ ಎದೆ ಡವಡವ ಅನ್ನುವುದು, ಒಂದೊಂದು ಸಲವೂ ಅದೇ ಬಿಕ್ಕು. ಬಿಸಿಲು ಟೇಬಲ್ಲಿನ ಈ ಅಂಚಿನಿಂದ ಆ ಅಂಚಿಗೆ ಜರುಗಿತ್ತು. ತಂದಿಟ್ಟ ಟೀ ಆರಿ ಕೆನೆಗಟ್ಟಿತ್ತು. ಕಡೆಗೆ ಸೊಸೆ ಬಿಡಿಭಾಗ ಮಾರಿದ ಅಂಗಡಿಯ ಮೆಕ್ಯಾನಿಕ್‌ಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದಳು.

"ಎಲ್ಲಾ ಬಿಚ್ಚಿ ಹೊರಗೆ ತೆಗೀರಿ ಮೇಡಂ," ಎಂದಿತು ಫೋನು. "ಬೋರ್ಡನ್ನ ರಟ್ಟಿನ ಮೇಲೆ ಇಟ್ಟು ಸ್ಟಾರ್ಟ್ ಮಾಡಿ ನೋಡಿ. ಅಲ್ಲಿ ಹತ್ತಿದ್ರೆ ಬೋರ್ಡ್ ಚೆನ್ನಾಗಿದೆ ಅಂತ. ಹತ್ತದಿದ್ರೆ ಹೋಯ್ತು ಅಂತ, ನಾಳೆ ಅಂಗಡಿಗೆ ತನ್ನಿ."

ನಾಳೆ! ಸೊಸೆ ಫೋನ್ ಇಟ್ಟು ಅತ್ತೆಯ ಮುಖ ನೋಡಿದಳು. ನಾಳೆಯ ಹೊತ್ತಿಗೆ ಈ ಟೇಬಲ್ಲಿನ ಮೇಲೆ ಯಾರದೋ ಕಿಟಕಿಯ ಕರ್ಟನ್ನು ಕತ್ತರಿಸುತ್ತಿರುತ್ತಾರೆ.

"ನನ್ನ ಮುಖ ಯಾಕೆ ನೋಡ್ತೀಯ? ಸ್ಕ್ರೂಡ್ರೈವರ್ ಕೊಡು," ಎಂದರು ಟೈಲರಮ್ಮ. "ಬಿಚ್ಚಿ ಹೊಲಿಯೋದು ನನಗೇನು ಹೊಸದಾ?"

ಸ್ಕ್ರೂಗಳನ್ನು ಅವರು ಬಿಚ್ಚಿದ ವೇಗ ನೋಡಿ ಸೊಸೆಯೇ ದಂಗಾದಳು. ಬೋರ್ಡು ಹೊರಬಂತು. ಅದು ಬಂದಿದ್ದ ರಟ್ಟಿನ ಡಬ್ಬವನ್ನೇ ಮಗುಚಿ ಅದರ ಮೇಲೆ ಮಲಗಿಸಿದರು. ಬೇಕಾದ ವೈರಷ್ಟೇ ಸಿಕ್ಕಿಸಿದರು. ಈಗ ಬಟನ್ ಇಲ್ಲ. ಬೋರ್ಡಿನ ಮೂಲೆಯ ಎರಡು ಪುಟ್ಟ ಕಡ್ಡಿಗಳಿಗೆ ಸ್ಕ್ರೂಡ್ರೈವರಿನ ತುದಿ ಮುಟ್ಟಿಸಿದರೆ ಅದೇ ಬಟನ್ ಒತ್ತಿದ ಹಾಗೆ. ಸೊಸೆ ತುಟಿ ಕಚ್ಚಿಕೊಂಡು ಮುಟ್ಟಿಸಿದಳು.

ಭರ್ರ್ ಎಂದಿತು! ಫ್ಯಾನು ತಿರುಗಿತು, ತಿರುಗುತ್ತಲೇ ಇತ್ತು, ನಿಲ್ಲಲಿಲ್ಲ. ಗೋಡೆಯ ಮಾನಿಟರ್ ಬೆಳ್ಳಗೆ ಕಣ್ಣು ಬಿಟ್ಟಿತು, ಅದರ ತುಂಬ ಅಕ್ಷರಗಳು ಓಡಿದವು.

"ಹತ್ತಿತು! ಅತ್ತೆ, ಹತ್ತಿತು!" ಸೊಸೆ ಅತ್ತೆಯ ಎರಡೂ ಕೈ ಹಿಡಿದು ಗಿರ್ರನೆ ತಿರುಗಿಸಿಬಿಟ್ಟಳು. "ಏ ಬಿಡೇ, ಬೀಳ್ತೀನಿ!" ಅನ್ನುತ್ತಲೇ ಟೈಲರಮ್ಮ ತಾವೂ ಒಂದು ಸುತ್ತು ಹೆಚ್ಚೇ ತಿರುಗಿದರು. ಯಜಮಾನರು ಸ್ಟೂಲಿನಿಂದ ಎದ್ದು ಬಾಯಲ್ಲೇ ಬಸ್ಸಿನ ಹಾರ್ನ್ ಹೊಡೆದರು.

ಬೇಗ ಬೇಗ ಎಲ್ಲವನ್ನೂ ಮತ್ತೆ ಪೆಟ್ಟಿಗೆಯೊಳಗೆ ಕೂರಿಸಿದರು. ಸ್ಕ್ರೂ ಬಿಗಿದರು, ವೈರು ಸಿಕ್ಕಿಸಿದರು. ಟೈಲರಮ್ಮ ಈ ಸಲ ಕೈ ತೊಳೆಯಲೂ ಕಾಯದೆ ಬಟನ್ ಒತ್ತಿದರು.

ಬಿಕ್ಕು. ಮಿಣಕು. ಮೌನ.

ಸೊಸೆ ಟೇಬಲ್ಲಿಗೆ ಒರಗಿ ತಲೆಯ ಮೇಲೆ ಕೈಹೊತ್ತಳು. ಹೊರಗೆ ಬೀದಿಯಲ್ಲಿ ವ್ಯಾನೊಂದು ನಿಂತ ಸದ್ದಾಯಿತು, ಹಾರ್ನ್ ಎರಡು ಸಲ ಕೂಗಿತು. ಈ ಸಲ ಅದು ಯಜಮಾನರ ಬಾಯಿಂದ ಬಂದದ್ದಲ್ಲ.

"ಬಂದೇಬಿಟ್ರಲ್ಲ ಅತ್ತೆ," ಎಂದಳು ಸೊಸೆ.

ಟೈಲರಮ್ಮ ಟೇಬಲ್ಲಿನ ಅಂಚನ್ನು ಹಿಡಿದುಕೊಂಡರು. ಇಷ್ಟು ದಿನ ಹೋಗಲಿ ಹೋಗಲಿ ಅಂದದ್ದು ತಾವೇ. ಆ ಹಾರ್ನ್ ಕೇಳಿದ ಮೇಲೆ ಗೊತ್ತಾಯಿತು, ಇದು ಹೋಗಬಾರದು. ಹೋದರೆ ಬೆಳಿಗ್ಗೆ ಎದ್ದು ಎಲ್ಲಿ ನಿಲ್ಲುವುದು, ಕೈಯನ್ನು ಎಲ್ಲಿ ಊರುವುದು? ಇದು ನನ್ನದು, ಕೊಡಲಾರೆ, ಅಂತ ಆ ಕ್ಷಣದಲ್ಲಿ ಕೂಗಿಬಿಡಬೇಕು ಅನ್ನಿಸಿತು.

ಯಜಮಾನರು ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿ, ಟಯರ್ ನೋಡುವವರ ಹಾಗೆ ಬಗ್ಗಿ ನೋಡಿದರು. "ಏನೇ ಹೇಳಿ, ವಿಚಿತ್ರ ಗಾಡಿ ಇದು. ಬರಿ ಮೈಯಲ್ಲಿ ಓಡುತ್ತೆ. ಅಂಗಿ ತೊಡಿಸಿದ ತಕ್ಷಣ ಉಸಿರು ಕಟ್ಟುತ್ತೆ."

ಟೈಲರಮ್ಮ ತಲೆ ಎತ್ತಿದರು. ಅಂಗಿ ತೊಟ್ಟರೆ ಉಸಿರು ಕಟ್ಟುತ್ತೆ ಅಂತ ಗಿರಾಕಿ ಬಂದರೆ ಗಿರಾಕಿಯ ಮೈ ನೋಡುತ್ತಾ ಕೂರುವುದಿಲ್ಲ. ಅಂಗಿಯನ್ನು ಬಿಚ್ಚಿಸಿ, ಒಳಗು ಹೊರಗು ಮಾಡಿ, ಹೊಲಿಗೆಯ ಮೇಲೆ ಬೆರಳಾಡಿಸಬೇಕು. ಎಲ್ಲೋ ಒಂದು ಕಡೆ ಏನೋ ಒತ್ತುತ್ತಿರುತ್ತದೆ. ಒಳಗಡೆ ಏನೋ...

ಅವರು ತಟ್ಟನೆ ಗಂಡನ ಕಡೆ ತಿರುಗಿದರು.

"ರೀ! ನೀವು ಹೊರಗೆ ಹೋಗಿ ಕರ್ಟನ್ ಅಂಗಡಿಯವರನ್ನ ಮಾತಾಡಿಸ್ತಿರಿ. ವ್ಯಾನ್ ಎಷ್ಟು ಮೈಲೇಜ್ ಕೊಡುತ್ತೆ ಕೇಳಿ. ಇಂಜಿನ್ ತೆಗೆಸಿ ನೋಡಿ. ಏನಾದ್ರೂ ಮಾಡಿ, ಒಳಗೆ ಬಿಡ್ಬೇಡಿ!"

ಯಜಮಾನರಿಗೆ ಇದನ್ನು ಎರಡು ಸಲ ಹೇಳಬೇಕಾಗಿರಲಿಲ್ಲ. ಗಾಡಿಯ ವಿಷಯ ಮಾತಾಡಿ ಅಂತ ಹೆಂಡತಿಯೇ ಹೇಳಿದ್ದು ಮದುವೆಯಾದ ಮೇಲೆ ಇದೇ ಮೊದಲು.

"ಬೋರ್ಡ್ ತೆಗಿ," ಎಂದರು ಟೈಲರಮ್ಮ ಸೊಸೆಗೆ.

"ಮತ್ತೆ ತೆಗಿಯೋದಾ? ಯಾಕತ್ತೆ?"

"ತೆಗಿ ಅಂದ್ರೆ ತೆಗಿ! ಹೇಳ್ತೀನಿ."

ಬೋರ್ಡು ಮತ್ತೆ ಹೊರಬಂತು. ಟೈಲರಮ್ಮ ಖಾಲಿ ತಗಡಿನ ಮೇಲೆ ಬೆರಳಿಟ್ಟರು. ಒಂದು ಕಂಬ ಮುಟ್ಟುವುದು, ಬೋರ್ಡಿನಲ್ಲಿ ಅದರ ತೂತು ಎಲ್ಲಿದೆ ಅಂತ ಸೊಸೆಯನ್ನು ಕೇಳುವುದು. ಇದಕ್ಕೆ ತೂತಿದೆ. ಇದಕ್ಕೂ ಇದೆ. ಇದಕ್ಕೂ ಇದೆ. ತಗಡಿನ ನಡುಭಾಗಕ್ಕೆ ಬಂದಾಗ ಅವರ ಬೆರಳು ನಿಂತಿತು. ಅಲ್ಲೊಂದು ಕಂಬ, ಬಿಗಿಯಾಗಿ, ಅಚ್ಚುಕಟ್ಟಾಗಿ.

"ಇದಕ್ಕೆ?"

ಸೊಸೆ ಬೋರ್ಡನ್ನು ಹಿಡಿದು ಹಿಂದೆ ಮುಂದೆ ನೋಡಿದಳು. "ಇಲ್ಲಿ ತೂತೇ ಇಲ್ಲ ಅತ್ತೆ. ಇದು ಇಲ್ಲಿರಲೇಬಾರದು. ಅಯ್ಯೋ ದೇವರೇ! ಇದೇ ಹಿಂದಿನಿಂದ ಬೋರ್ಡಿಗೆ ತಾಗಿ ಕರೆಂಟ್ ಶಾರ್ಟ್ ಆಗ್ತಿದೆ! ಅದಕ್ಕೇ ಆನ್ ಆದ ತಕ್ಷಣ ತಾನೇ ಆಫ್ ಆಗೋದು. ಆದ್ರೆ ಇದನ್ನ ಯಾರು ಇಲ್ಲಿ..."

ಟೈಲರಮ್ಮನಿಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಅನ್ನಿಸಿತು. ಹೇಳಿದರೆ ಬೀದಿಗೆಲ್ಲ ನಗೆಪಾಟಲು, ಅದರಲ್ಲೂ ಗಂಡನ ಬಾಯಿಗೆ ಸಿಕ್ಕಿದರೆ ಸಾಯೋವರೆಗೂ ಬಿಡುವುದಿಲ್ಲ. ಆದರೂ ಹೇಳಿದರು.

"ಅದು ನಂದೇ ಕಣೇ."

"ನಿಮ್ದಾ?"

"ಒಂದು ಮಿಕ್ಕಿತ್ತು. ಕಳೆದುಹೋದೀತು ಅಂತ ಒಳಗೇ ಹಾಕಿಟ್ಟೆ. ಸ್ಪೇರು."

ಸೊಸೆ ಒಮ್ಮೆ ಕಂಬವನ್ನು ನೋಡಿದಳು, ಒಮ್ಮೆ ಅತ್ತೆಯನ್ನು ನೋಡಿದಳು. ಆಮೇಲೆ ನಗು ಶುರುವಾಯಿತು. ಹೊಟ್ಟೆ ಹಿಡಿದುಕೊಂಡು, ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಸುರಿಸಿಕೊಂಡು ನಕ್ಕಳು. "ಕಂಪ್ಯೂಟರಿಗೂ ಸ್ಪೇರ್ ಗುಂಡಿ ಹಾಕಿದ್ರಾ ಅತ್ತೆ!" ಟೈಲರಮ್ಮ ಮುಖ ಗಂಟಿಕ್ಕಿಕೊಂಡೇ ಇರೋಣ ಅಂತ ನೋಡಿದರು, ಆಗಲಿಲ್ಲ. ಅವರಿಗೂ ನಗು ಉಕ್ಕಿತು. "ಸಾಕು ಏಳೇ, ಹೊರಗೆ ವ್ಯಾನ್ ನಿಂತಿದೆ! ನಿಮ್ಮ ಮಾವನಿಗೆ ಮಾತ್ರ ಹೇಳ್ಬೇಡ!"

ಕಂಬವನ್ನು ಕಿತ್ತು ಟೈಲರಮ್ಮ ಗುಂಡಿಗಳ ಡಬ್ಬಕ್ಕೆ ಹಾಕಿದರು. ಬೋರ್ಡು ಒಳಗೆ ಹೋಯಿತು. ಕೈಗೆ ಕೈ ತಾಗಿಸುತ್ತಾ, ಒಬ್ಬರ ಮೇಲೊಬ್ಬರು ಬೀಳುತ್ತಾ ಸ್ಕ್ರೂ ಬಿಗಿದರು. ಹೊರಗೆ ಯಜಮಾನರ ದನಿ ಕೇಳುತ್ತಿತ್ತು, "ಗೇರ್ ಬಾಕ್ಸ್ ಸದ್ದು ಮಾಡುತ್ತಾ? ಒಂದು ರೌಂಡ್ ಹೋಗಿ ಬರೋಣ್ವಾ?" ಕರ್ಟನ್ ಅಂಗಡಿಯವರ ದನಿಯೂ ಕೇಳಿತು, "ಆಮೇಲೆ ಸ್ವಾಮಿ, ಆಮೇಲೆ, ಮೊದಲು ಟೇಬಲ್ ಕೊಡಿ."

"ಒತ್ತಲಾ?"

"ಒತ್ತಿ!"

ಭರ್ರ್ ಎಂದಿತು. ನಿಲ್ಲಲಿಲ್ಲ. ಇಬ್ಬರೂ ಉಸಿರಾಡದೆ ಕಾದರು, ಆದರೂ ನಿಲ್ಲಲಿಲ್ಲ. ಮಾನಿಟರ್ ಬೆಳಗಿತು. ಸೊಸೆ ಪ್ರೋಗ್ರಾಂಗಳ ಪೆನ್‌ಡ್ರೈವ್ ಚುಚ್ಚಿ, ಕ್ಯಾಮೆರಾದ ವೈರು ಸಿಕ್ಕಿಸಿ, ಏನೇನೋ ಒತ್ತಿ ಪ್ರೋಗ್ರಾಂ ಕೂರಿಸುವಷ್ಟು ಹೊತ್ತೂ ಟೈಲರಮ್ಮ ಪೆಟ್ಟಿಗೆಯ ಮೇಲಿಂದ ಕೈ ತೆಗೆಯಲಿಲ್ಲ. ಹಸುಗೂಸಿನ ಎದೆಯ ಮೇಲೆ ಕೈಯಿಟ್ಟು ನೋಡುವ ಹಾಗೆ ಇಟ್ಟುಕೊಂಡೇ ನಿಂತಿದ್ದರು.

ಆಗ ಬಾಗಿಲು ತೆರೆಯಿತು. ಕರ್ಟನ್ ಅಂಗಡಿಯವರು ಯಜಮಾನರನ್ನು ಹೇಗೋ ದಾಟಿಕೊಂಡು ಒಳಗೆ ಬಂದಿದ್ದರು. ಬೆನ್ನ ಹಿಂದೆ ಯಜಮಾನರು ಕೈಲಾದಷ್ಟು ತಡೆದೆ ಅನ್ನುವ ಮುಖ ಮಾಡಿಕೊಂಡು ನಿಂತಿದ್ದರು.

"ಏನ್ ಟೈಲರಮ್ಮಾ, ಟೇಬಲ್ ಇನ್ನೂ ಖಾಲಿ ಮಾಡಿಲ್ವಾ?"

"ಖಾಲಿ ಆಗಲ್ಲ," ಎಂದರು ಟೈಲರಮ್ಮ. "ಕಂಪ್ಯೂಟರ್ ಹತ್ತದಿದ್ರೆ ನಿಮ್ದು ಅಂದಿದ್ದೆ. ಹತ್ತಿತು. ನೋಡಿ, ಕೇಳಿಸ್ಕೊಳ್ಳಿ."

"ಹತ್ತಿದ್ರೆ ಸಾಕಾ? ಕಣ್ಣಿಗೆ ಕಾಣ್ಬೇಕು ಅಂತಲೂ ಇತ್ತಲ್ಲ," ಎಂದರು ಅವರು. ಮಾತಿನಲ್ಲಿ ಕುಹಕವಿರಲಿಲ್ಲ, ವ್ಯಾನ್ ತಂದ ಬೇಜಾರಿತ್ತು ಅಷ್ಟೇ. ಕೈ ಎತ್ತಿ ಟೇಬಲ್ಲನ್ನು ತೋರಿಸುವಾಗ ಅವರ ಷರ್ಟಿನ ತೋಳಿನ ಪಟ್ಟಿ ಗುಂಡಿಯಿಲ್ಲದೆ ಪಟಪಟ ಹೊಡೆದುಕೊಂಡಿತು. ಇಷ್ಟು ದೊಡ್ಡ ತಪ್ಪು ಟೈಲರಮ್ಮನ ಕಣ್ಣಿಗೆ ಕಾಣದೆ ಇರುತ್ತದೆಯೇ? ಷರ್ಟಿನ ಕಟಿಂಗೂ ಕಂಡಿತು. ಅದು ತಮ್ಮ ಕೈಯದೇ.

"ಬನ್ನಿ ಇಲ್ಲಿ," ಎಂದರು.

"ಯಾಕೆ?"

"ಬನ್ನೀಂದ್ರೆ!" ಅವರ ಷರ್ಟಿನ ಕೆಳಗಿನ ಒಳಮಡಿಕೆಯನ್ನು ಎರಡು ಬೆರಳಲ್ಲಿ ತಡವಿದರು. ಸಿಕ್ಕಿತು. ಕತ್ತರಿಯ ತುದಿಯಿಂದ ಸ್ಪೇರ್ ಗುಂಡಿಯನ್ನು ಬಿಡಿಸಿಕೊಂಡು, ಅವರ ಕೈಯನ್ನು ಮೆಷಿನ್ನಿನ ಪಕ್ಕ ಕ್ಯಾಮೆರಾದ ಕೆಳಗೆ ಎಳೆದಿಟ್ಟುಕೊಂಡರು. ಗೋಡೆಯ ಮೇಲೆ ಕಿಟಕಿಯಷ್ಟು ದೊಡ್ಡದಾಗಿ ತೋಳಿನ ಪಟ್ಟಿ ಕಾಣಿಸಿತು, ಅದರ ಒಂದೊಂದು ಎಳೆಯೂ ಹಗ್ಗದಷ್ಟು ದಪ್ಪ. ಸೊಸೆ ಅಭ್ಯಾಸದಂತೆ ಸೂಜಿಗೆ ದಾರ ಪೋಣಿಸಿ ಕೊಡಲು ಕೈ ಚಾಚಿದಳು. ಟೈಲರಮ್ಮ ಕೊಡಲಿಲ್ಲ.

ಸೂಜಿಯನ್ನು ಕ್ಯಾಮೆರಾದ ಕೆಳಗೆ ಹಿಡಿದು, ತಲೆ ಎತ್ತಿ ಗೋಡೆ ನೋಡಿದರು. ಅಲ್ಲಿತ್ತು ಸೂಜಿಯ ಕಣ್ಣು, ತಲೆ ತೂರುವಷ್ಟು ದೊಡ್ಡದಾಗಿ. ದಾರದ ತುದಿ ಆ ಕಡೆ ಹೋಯಿತು, ಈ ಕಡೆ ಬಂತು. ಯಜಮಾನರು ಕತ್ತು ಚಾಚಿ ಗೋಡೆ ನೋಡಿದರು. ದಾರ ಕಣ್ಣಿನೊಳಗೆ ಹೋಗಿ ಆಚೆ ಬಂತು.

"ಕಾಣ್ತು," ಎಂದರು ಟೈಲರಮ್ಮ. ಮತ್ತೆ ಹೇಳಿದರು, "ಕಾಣ್ತು ಕಣೇ." ಸೊಸೆ ಹಿಂದಿನಿಂದ ಬಂದು ಅವರ ಭುಜಕ್ಕೆ ಗಲ್ಲವಿಟ್ಟು ನಿಂತಳು. ಅವಳ ಕೆನ್ನೆ ಒದ್ದೆಯಾಗಿತ್ತು, ಅವರದೂ ಒದ್ದೆಯಾಗಿತ್ತು.

ಗೋಡೆ ನೋಡಿಕೊಂಡೇ ಗುಂಡಿ ಹೊಲಿದು ಮುಗಿಸಿದರು, ದಾರ ಕತ್ತರಿಸಿದರು, ಎಳೆದು ನೋಡಿದರು. ಗಟ್ಟಿಯಾಗಿತ್ತು. ಕರ್ಟನ್ ಅಂಗಡಿಯವರು ತೋಳು ತಿರುಗಿಸಿ ನೋಡಿಕೊಂಡರು. ಆಮೇಲೆ ಟೇಬಲ್ಲನ್ನು ಒಮ್ಮೆ ಸವರಿ, "ಇನ್ನು ಇದು ನನಗೆ ಸಿಗೋ ಹಾಗೆ ಕಾಣಲ್ಲ ಬಿಡಿ" ಅಂತ ನಕ್ಕು ಬಾಗಿಲ ಕಡೆ ಹೊರಟರು.

"ಸ್ವಲ್ಪ ನಿಲ್ಲಿ," ಎಂದರು ಟೈಲರಮ್ಮ. "ಸ್ಪೇರ್ ಖರ್ಚಾಯ್ತಲ್ಲ. ನಾಳೆ ಷರ್ಟ್ ತಂದ್ಕೊಡಿ, ಒಳಗೆ ಇನ್ನೊಂದು ಹಾಕಿಡ್ತೀನಿ. ಬೆಳಿಗ್ಗೆನೇ ಬನ್ನಿ, ಅಂಗಡಿ ತೆಗೆದಿರುತ್ತೆ."